ಟ್ರಂಕ್ ಕಾಲಿನಿಂದ ಸೆಲ್‌ಫೋನಿನವರೆಗೆ: ಮಾತಿನ ಮರ್ಯಾದೆಯ ಚರಿತ್ರೆ



ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ ಹನೂರಿನ ಮೇಲೆ ಅಜ್ಜೀಪುರಕ್ಕೆ ಹೊರಟಿದ್ದೀರಿ ಎಂದು ಭಾವಿಸಿಕೊಳ್ಳಿ. ಸಂಜೆಯ ಹೊತ್ತು. ಕಾಲೇಜು ಮುಗಿಸಿದ ಹುಡುಗ ಹುಡುಗಿಯರು, ಪೇಟೆಯ ಕೆಲಸ ತೀರಿಸಿಕೊಂಡ ರೈತರು, ಆಸ್ಪತ್ರೆಯಿಂದ ಮರಳುತ್ತಿರುವ ಒಬ್ಬ ಅಜ್ಜಿ, ಇವರೆಲ್ಲ ಒಂದೇ ಬಸ್ಸಿನಲ್ಲಿದ್ದಾರೆ. ಹಿಂದಿನ ಸೀಟಿನಲ್ಲಿ ಒಬ್ಬರ ಸೆಲ್‌ಫೋನಿನಿಂದ ಸಿನಿಮಾ ಹಾಡು ಕೇಳಿಬರುತ್ತಿದೆ. ಮುಂದೆ ಕುಳಿತ ಇನ್ನೊಬ್ಬರು ತಮ್ಮ ಜಮೀನಿನ ವ್ಯವಹಾರವನ್ನು ಲೆಕ್ಕ ಸಮೇತ ಫೋನಿನಲ್ಲಿ ಹೇಳುತ್ತಿದ್ದಾರೆ; ಬಸ್ಸಿಗೆ ಬಸ್ಸೇ ಅದನ್ನು ಕೇಳುತ್ತಿದೆ. ನಡುವೆ ಕುಳಿತ ವಿದ್ಯಾರ್ಥಿನಿಯೊಬ್ಬಳಿಗೆ ನಾಳೆ ಪರೀಕ್ಷೆ. ಅವಳು ಪುಸ್ತಕ ತೆರೆದಿದ್ದಾಳೆ, ಆದರೆ ಒಂದು ಸಾಲೂ ತಲೆಗೆ ಹೋಗುತ್ತಿಲ್ಲ. ಅಜ್ಜಿಗೆ ತಲೆನೋವು. ಆದರೂ ಯಾರೂ ಬಾಯಿ ಬಿಡುವುದಿಲ್ಲ.

ಇದನ್ನು ಕಂಡಾಗ ‘ಕಾಲ ಕೆಟ್ಟಿತು, ಈಗಿನವರಿಗೆ ಮರ್ಯಾದೆ ತಿಳಿಯದು’ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಈ ಮಾತು ಪೂರ್ತಿ ನಿಜವೇ? ಹಿಂದಿನವರು ಹುಟ್ಟಿನಿಂದಲೇ ನಮಗಿಂತ ಸೌಜನ್ಯವಂತರಾಗಿದ್ದರೇ? ಅಥವಾ ಅವರನ್ನು ಸೌಜನ್ಯದ ದಾರಿಯಲ್ಲಿ ಹಿಡಿದು ನಿಲ್ಲಿಸಿದ್ದ ಬೇರೆ ಯಾವುದಾದರೂ ಕಾರಣವಿತ್ತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ದೂರದವರೊಡನೆ ಮಾತನಾಡುವ ಸಾಧನಗಳ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಮಾತಿಗೆ ಬೆಲೆಯಿದ್ದ ಕಾಲ

ಅಜ್ಜೀಪುರ ಇಂದು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿಗೆ ಸೇರಿದೆ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಈ ಭಾಗ ಮೈಸೂರು ಜಿಲ್ಲೆಯಲ್ಲಿತ್ತು. ಇನ್ನೂ ಹಿಂದಕ್ಕೆ ಹೋದರೆ, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಎಂದರೆ ಇಲ್ಲಿನ ಜನರ ಜಿಲ್ಲಾ ಕೇಂದ್ರ ಕಾಡು ಬೆಟ್ಟಗಳ ಆಚೆಗಿತ್ತು. ಒಂದು ಸುದ್ದಿ ಅಲ್ಲಿಂದ ಇಲ್ಲಿಗೆ ಬರಬೇಕಾದರೆ ಮನುಷ್ಯ ನಡೆಯಬೇಕು, ಇಲ್ಲವೇ ಅಂಚೆ ಬರಬೇಕು.

ಅಂಚೆಯವನು ಹಳ್ಳಿಗೆ ತಂದ ಕಾಗದವನ್ನು ಓದಲು ಎಲ್ಲರಿಗೂ ಬರುತ್ತಿರಲಿಲ್ಲ. ಶಾಲೆಗೆ ಹೋಗುವ ಹುಡುಗನನ್ನೋ ಮೇಷ್ಟರನ್ನೋ ಕರೆದು ಓದಿಸುತ್ತಿದ್ದರು. ಆ ಓದಿಗೆ ಒಂದು ನಿಯಮವಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಓದಿದವನು ಆ ಮನೆಯ ಸಂಗತಿಯನ್ನು ಜಗುಲಿಯ ಮೇಲೆ ಹರಟುವಂತಿಲ್ಲ. ಸಾಲದ ಮಾತಿರಲಿ, ಮಗಳ ಗಂಡನ ಮನೆಯ ಕಷ್ಟವಿರಲಿ, ಓದಿದ್ದು ಅಲ್ಲಿಗೇ ಮುಗಿಯಬೇಕು. ಪರರ ಮಾತು ಕಿವಿಗೆ ಬಿದ್ದರೂ ಅದನ್ನು ಬಾಯಿಗೆ ತರದಿರುವುದು ಒಂದು ಗುಣ ಎಂದು ನಮ್ಮ ಹಳ್ಳಿಗಳು ತಿಳಿದಿದ್ದವು. ಈ ಗುಣವನ್ನು ನೆನಪಿನಲ್ಲಿಡಿ. ಮುಂದೆ ಇದರ ಅಗತ್ಯ ಬೀಳುತ್ತದೆ.

ಆಮೇಲೆ ತಂತಿ ಬಂತು. ತಂತಿಯಲ್ಲಿ ಪದಕ್ಕಿಷ್ಟು ಎಂದು ಹಣ ಕೊಡಬೇಕಾಗಿತ್ತು. ಆದ್ದರಿಂದ ನಾಲ್ಕು ಪುಟದಲ್ಲಿ ಹೇಳುವುದನ್ನು ಜನ ನಾಲ್ಕು ಪದಗಳಲ್ಲಿ ಹೇಳಲು ಕಲಿತರು. ಹಳ್ಳಿಯಲ್ಲಿ ತಂತಿ ಬಂತೆಂದರೆ ಸಾವಿನ ಸುದ್ದಿಯೇ ಇರಬೇಕೆಂದು ಓದುವ ಮೊದಲೇ ಅಳು ಆರಂಭವಾಗುತ್ತಿದ್ದುದೂ ಉಂಟು. ಅನಗತ್ಯವಾದ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಭಾರತದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ಶಾಶ್ವತವಾಗಿ ನಿಂತಿತು.

‘ಹಲೋ’ ಎಂಬ ಪದ

ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮ ದೂರವಾಣಿಯ ಮೂಲಕ ಸಹಾಯಕ ವಾಟ್ಸನ್ನರೊಡನೆ ಮೊದಲ ಸಲ ಮಾತನಾಡಿದ್ದು 1876ರ ಮಾರ್ಚ್ 10ರಂದು. ಯಂತ್ರವೇನೋ ಸಿದ್ಧವಾಯಿತು. ಆದರೆ ಅದರ ಹಿಂದೆಯೇ ಹೊಸದೊಂದು ತೊಡಕು ಹುಟ್ಟಿತು. ಎದುರಿಗೆ ಮುಖ ಕಾಣದ ಮನುಷ್ಯನನ್ನು ಹೇಗೆ ಮಾತನಾಡಿಸಬೇಕು? ಕೈ ಮುಗಿಯುವಂತಿಲ್ಲ, ತಲೆ ಬಾಗುವಂತಿಲ್ಲ, ನಗುವಂತಿಲ್ಲ. ಬೆಲ್ ಅವರು ನಾವಿಕರ ಕೂಗಾದ ‘ಅಹೋಯ್’ ಎಂಬುದನ್ನು ಇಷ್ಟಪಟ್ಟರು. ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಬರೆದ ಒಂದು ಪತ್ರದಲ್ಲಿ ‘ಹಲೋ’ ಎಂಬ ಪದವನ್ನು ಸೂಚಿಸಿದರು. ಗೆದ್ದದ್ದು ಎಡಿಸನ್ನರ ಪದ. ಇಂದು ಅಜ್ಜೀಪುರದ ಅಜ್ಜಿಯೂ ಮೊಮ್ಮಗನ ಫೋನು ಬಂದಾಗ ‘ಅಲೋ’ ಎನ್ನುತ್ತಾಳಲ್ಲವೇ? ಆ ಪದ ಹೀಗೆ ಬಂದದ್ದು.

ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ 1878ರಲ್ಲಿ ಜಗತ್ತಿನ ಮೊದಲ ದೂರವಾಣಿ ಸೂಚಿ ಪ್ರಕಟವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬಂದ ಪುಸ್ತಕರೂಪದ ಸೂಚಿಯಲ್ಲಿ ಹೆಸರುಗಳ ಜೊತೆಗೆ ಕೆಲವು ನಿಯಮಗಳೂ ಇದ್ದವು. ಮಾತನ್ನು ಹೇಗೆ ಆರಂಭಿಸಬೇಕು, ಹೇಗೆ ಮುಗಿಸಬೇಕು ಎಂದು ಅಲ್ಲಿ ಹೇಳಿತ್ತು. ಒಂದು ಸಲಕ್ಕೆ ಮೂರು ನಿಮಿಷಕ್ಕಿಂತ ಹೆಚ್ಚು ಮಾತನಾಡಬಾರದು, ಅನುಮತಿಯಿಲ್ಲದೆ ಗಂಟೆಗೆ ಎರಡು ಸಲಕ್ಕಿಂತ ಹೆಚ್ಚು ತಂತಿಯನ್ನು ಬಳಸಬಾರದು ಎಂದೂ ಇತ್ತು. ಇದರಿಂದ ನಾವು ತಿಳಿಯುವುದೇನು? ದೂರವಾಣಿಯೂ ದೂರವಾಣಿಯ ಶಿಷ್ಟಾಚಾರವೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಒಂದೇ ತಂತಿಯನ್ನು ಹಲವರು ಹಂಚಿಕೊಳ್ಳಬೇಕಾಗಿದ್ದುದರಿಂದ ಇನ್ನೊಬ್ಬರ ನೆನಪು ಮೊದಲ ದಿನದಿಂದಲೇ ಇರಬೇಕಾಯಿತು.

ಪಕ್ಕದ ಮನೆಯ ಫೋನು

ಭಾರತದಲ್ಲಿ ಕಲ್ಕತ್ತ, ಮದರಾಸು, ಮುಂಬಯಿಗಳಲ್ಲಿ 1882ರಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾದವು. ಸ್ವಾತಂತ್ರ್ಯ ಬಂದ ಹೊತ್ತಿಗೆ ಇಡೀ ದೇಶದಲ್ಲಿದ್ದ ದೂರವಾಣಿಗಳು ಸುಮಾರು 80 ಸಾವಿರ ಮಾತ್ರ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಂದರೆ ನಮ್ಮ ಐ.ಟಿ.ಐ. ಕಾರ್ಖಾನೆ, ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಮನೆ ಮನೆಯ ಮೇಜಿನ ಮೇಲೆ ಕುಳಿತಿದ್ದ ಭಾರವಾದ ಕಪ್ಪು ಫೋನುಗಳು ಅಲ್ಲಿ ತಯಾರಾದವು.

ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಕಾದಿರಿಸಬೇಕಾಗಿತ್ತು. ಸಾಮಾನ್ಯ, ತುರ್ತು, ಮಿಂಚು ಎಂದು ಕರೆಗಳಲ್ಲಿ ದರ್ಜೆಗಳು. ಮೂರು ನಿಮಿಷಕ್ಕೆ ಒಂದು ಲೆಕ್ಕ. ಮೂರು ನಿಮಿಷ ಮುಗಿಯುತ್ತಿದ್ದಂತೆ ಆಪರೇಟರ್ ನಡುವೆ ಬಂದು ಎಚ್ಚರಿಸುತ್ತಿದ್ದರು. ತಂತಿಯಲ್ಲಿ ಧ್ವನಿ ಕ್ಷೀಣವಾಗಿ ಬರುತ್ತಿದ್ದುದರಿಂದ ಗಟ್ಟಿಯಾಗಿ ಕೂಗಿ ಮಾತನಾಡದೆ ಗತಿಯಿರಲಿಲ್ಲ. ಇಂದಿಗೂ ಕೆಲವು ಹಿರಿಯರು ಸೆಲ್‌ಫೋನಿನಲ್ಲಿ ಕೂಗಿಯೇ ಮಾತನಾಡುತ್ತಾರೆ. ಅದನ್ನು ಕಂಡು ನಗಬೇಡಿ. ಅವರ ಕಾಲದಲ್ಲಿ ಕೂಗುವುದೇ ಸರಿಯಾದ ಕ್ರಮವಾಗಿತ್ತು. ಕೂಗದಿದ್ದರೆ ಆ ಕಡೆಯವರಿಗೆ ತೊಂದರೆಯಾಗುತ್ತಿತ್ತು.

ಬೀದಿಗೊಂದು ಫೋನು ಇದ್ದ ಆ ದಿನಗಳಲ್ಲಿ ವಿಳಾಸದ ಚೀಟಿಯಲ್ಲಿ ‘ಪಿ.ಪಿ.’ ಎಂದು ಬರೆದು ಪಕ್ಕದ ಮನೆಯ ಸಂಖ್ಯೆ ಕೊಡುವ ಪದ್ಧತಿಯಿತ್ತು. ಆ ಮನೆಯವರು ಹಿತ್ತಿಲಿನಿಂದ ಕೂಗಿ ಕರೆದರೆ ಇವರು ಸೆರಗು ಸರಿಪಡಿಸಿಕೊಂಡು ಓಡಿಹೋಗಬೇಕು. ಅಲ್ಲಿ ಮನೆಯವರೆಲ್ಲ ಕುಳಿತಿರುತ್ತಾರೆ. ಮಾತು ಚುಟುಕಾಗಿ ಮುಗಿಯುತ್ತಿತ್ತು. ಊಟದ ಹೊತ್ತಿನಲ್ಲಿ, ರಾತ್ರಿ ಮಲಗಿದ ಮೇಲೆ ಕರೆ ಮಾಡಬೇಡಿ ಎಂದು ದೂರದ ನೆಂಟರಿಗೆ ಮೊದಲೇ ಹೇಳಿಟ್ಟಿರುತ್ತಿದ್ದರು. ಹಬ್ಬ ಬಂದಾಗ ಫೋನಿನ ಮನೆಗೆ ಒಂದು ತಟ್ಟೆ ತಿಂಡಿಯೂ ಹೋಗುತ್ತಿತ್ತು. ಇನ್ನೊಬ್ಬರ ಉಪಕಾರದಿಂದ ಮಾತನಾಡುತ್ತಿದ್ದೇವೆ ಎಂಬ ಅರಿವು ಮಾತಿಗೆ ತಾನಾಗಿಯೇ ಕಡಿವಾಣ ಹಾಕಿತ್ತು.

ಗಾಜಿನ ಬಾಗಿಲು

ಈ ಸ್ಥಿತಿಯನ್ನು ಬದಲಿಸುವಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಸಂಪರ್ಕಗಳ ಒಂದು ಚಿಕ್ಕ ವಿನಿಮಯ ಕೇಂದ್ರವನ್ನು ರೂಪಿಸಿತು. ಬಿಸಿಲು ಧೂಳುಗಳನ್ನು ತಡೆದುಕೊಂಡು, ಹವಾನಿಯಂತ್ರಣವಿಲ್ಲದೆಯೇ ಅದು ಕೆಲಸ ಮಾಡಬಲ್ಲುದಾಗಿತ್ತು. ಇಂಥ ಮೊದಲ ಕೇಂದ್ರ 1986ರಲ್ಲಿ ಕಾರ್ಯಾರಂಭ ಮಾಡಿದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಊರಿನಲ್ಲಿ. ಈ ದೇಶೀಯ ತಂತ್ರಜ್ಞಾನದ ಬಲದಿಂದ ಗ್ರಾಮಗಳಿಗೆ ದೂರವಾಣಿ ಹಬ್ಬಿತು. ಹಿಂದೆಯೇ ರಸ್ತೆ ರಸ್ತೆಯಲ್ಲಿ ಎಸ್.ಟಿ.ಡಿ. ಬೂತುಗಳು ತಲೆಯೆತ್ತಿದವು.

ನಿಮ್ಮಲ್ಲಿ ಅನೇಕರು ಎಸ್.ಟಿ.ಡಿ. ಬೂತನ್ನು ನೋಡಿರಲಿಕ್ಕಿಲ್ಲ. ನಿಮ್ಮ ತಂದೆ ತಾಯಿಯರನ್ನು ಕೇಳಿ, ಹೇಳುತ್ತಾರೆ. ಹಳದಿ ಬಣ್ಣದ ಹಲಗೆ, ಒಳಗೆ ಒಬ್ಬರು ನಿಲ್ಲುವಷ್ಟು ಗಾಜಿನ ಗೂಡು, ಗೂಡಿಗೊಂದು ಬಾಗಿಲು, ಕಣ್ಣೆದುರಿಗೆ ಕೆಂಪು ಅಂಕಿಗಳಲ್ಲಿ ಓಡುವ ಮೀಟರು. ಹೊರಗೆ ಸರದಿ ಕಾಯುವ ಜನ. ರಾತ್ರಿ ತಡವಾದ ಮೇಲೆ ರಿಯಾಯಿತಿ ದರ ಇರುತ್ತಿದ್ದುದರಿಂದ ಆ ಹೊತ್ತಿಗೆ ಸರದಿ ಉದ್ದವಾಗುತ್ತಿತ್ತು.

ಈ ಗೂಡನ್ನು ಸ್ವಲ್ಪ ಗಮನವಿಟ್ಟು ನೋಡೋಣ. ಅದರಲ್ಲಿ ಮೂರು ಕಾವಲುಗಾರರಿದ್ದರು. ಮೊದಲನೆಯದು ಗಾಜಿನ ಬಾಗಿಲು: ಒಳಗಿನ ಮಾತು ಹೊರಗಿನವರ ಕಿವಿಗೆ ಬೀಳದಂತೆ, ಹೊರಗಿನ ಗದ್ದಲ ಒಳಗಿನವರನ್ನು ಕೆಡಿಸದಂತೆ ಅದು ಎರಡೂ ಕಡೆಯವರನ್ನು ಕಾಯುತ್ತಿತ್ತು. ಎರಡನೆಯದು ಮೀಟರು: ‘ಸಾಕು, ಮುಗಿಸು’ ಎಂದು ಅದು ಕಣ್ಣಲ್ಲೇ ಹೇಳುತ್ತಿತ್ತು. ಮೂರನೆಯದು ಸರದಿ: ತನ್ನಂತೆಯೇ ಇನ್ನೊಬ್ಬರಿಗೂ ಅವಸರವಿದೆ ಎಂಬುದನ್ನು ಅದು ನೆನಪಿಸುತ್ತಿತ್ತು. ನಾವು ಹಿಂದಿನವರ ಸೌಜನ್ಯ ಎಂದು ಹೊಗಳುವುದರಲ್ಲಿ ಬಹುಪಾಲು ಈ ಮೂವರು ಕಾವಲುಗಾರರ ಕೆಲಸ. ಜನ ಹೆಚ್ಚು ಒಳ್ಳೆಯವರಾಗಿದ್ದರು ಎನ್ನುವುದಕ್ಕಿಂತ, ಕೆಟ್ಟದಾಗಿ ನಡೆದುಕೊಳ್ಳಲು ಅವಕಾಶ ಕಡಿಮೆಯಿತ್ತು ಎನ್ನುವುದು ಸರಿ.

ಸ್ಥಾವರ ಹೋಗಿ ಜಂಗಮವಾದಾಗ

ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಸೆಲ್‌ಫೋನಿನಿಂದ ಮೊದಲ ಕರೆಯನ್ನು ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್ 1973ರ ಏಪ್ರಿಲ್ 3ರಂದು ನ್ಯೂಯಾರ್ಕ್ ನಗರದ ಬೀದಿಯಲ್ಲಿ ನಿಂತು ಮಾಡಿದರು. ಆ ಫೋನು ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತಿತ್ತು. ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಅಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು.

ಆ ದಿನಗಳಲ್ಲಿ ನಿಮಿಷಕ್ಕೆ 16 ರೂಪಾಯಿವರೆಗೂ ದರವಿತ್ತು. ಕರೆ ಮಾಡಿದವರಷ್ಟೇ ಅಲ್ಲ, ಕರೆ ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. ಎಂದರೆ ಗಾಜಿನ ಬಾಗಿಲು ಹೋಗಿದ್ದರೂ ಮೀಟರು ಇನ್ನೂ ಉಳಿದಿತ್ತು. 2002ರಲ್ಲಿ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆಗೆ ಇಳಿಯಿತು. 2003ರ ಮೇ ತಿಂಗಳಿಂದ ಒಳಬರುವ ಕರೆಗಳು ಉಚಿತವಾದವು. ಆಗ ನಮ್ಮ ಜನ ಒಂದು ಹೊಸ ಭಾಷೆಯನ್ನೇ ಕಟ್ಟಿದರು. ಅದೇ ಮಿಸ್ಡ್ ಕಾಲ್. ಒಂದು ಸಲ ಬಾರಿಸಿದರೆ ‘ತಲುಪಿದೆ’, ಎರಡು ಸಲ ಬಾರಿಸಿದರೆ ‘ನೀನೇ ಕರೆ ಮಾಡು’. ಒಂದು ಪೈಸೆಯೂ ಖರ್ಚಿಲ್ಲ, ಒಂದು ಮಾತೂ ಇಲ್ಲ, ಆದರೂ ಮನೆಯವರಿಗೆ ನೆಮ್ಮದಿ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಕರೆಗಳಿಗೆ ನಿಮಿಷದ ಲೆಕ್ಕವೇ ಅಳಿದುಹೋಯಿತು, ಇಂಟರ್‌ನೆಟ್ ಅಗ್ಗವಾಯಿತು. ಇಂದು ದೇಶದಲ್ಲಿರುವ ಮೊಬೈಲ್ ಸಂಪರ್ಕಗಳು 110 ಕೋಟಿಗೂ ಹೆಚ್ಚು.

ಕನ್ನಡದಲ್ಲಿ ಮೊಬೈಲಿಗೆ ‘ಸಂಚಾರಿ ದೂರವಾಣಿ’ ಎಂಬ ಹೆಸರಿದೆ. ‘ಜಂಗಮವಾಣಿ’ ಎಂದೂ ಕೆಲವರು ಕರೆದರು. ಎಷ್ಟು ಒಪ್ಪುವ ಮಾತು! ಮನೆಯ ಮೂಲೆಯಲ್ಲಿ ಕುಳಿತಿದ್ದ ಸ್ಥಾವರ ಫೋನಿಗೆ ತನ್ನ ಮನೆಯ ಮರ್ಯಾದೆ ಸಾಕಾಗಿತ್ತು. ಜಂಗಮವಾದದ್ದು ಹಾಗಲ್ಲ. ಅದು ಬಸ್ಸಿಗೆ ಹೋಗುತ್ತದೆ, ಗುಡಿಗೆ ಹೋಗುತ್ತದೆ, ತರಗತಿಗೆ, ಆಸ್ಪತ್ರೆಗೆ, ಸಾವಿನ ಮನೆಗೆ ಹೋಗುತ್ತದೆ. ಹೋದಲ್ಲೆಲ್ಲ ಅದು ಅತಿಥಿ. ಅತಿಥಿಯಾದವರು ಆ ಮನೆಯ ರೀತಿಗೆ ಹೊಂದಿಕೊಳ್ಳಬೇಕಾದುದು ನ್ಯಾಯ. ಆದರೆ ಬಾಗಿಲು, ಮೀಟರು, ಸರದಿ ಎಂಬ ಮೂವರು ಕಾವಲುಗಾರರೂ ನಿವೃತ್ತರಾದ ಮೇಲೆ ಆ ನ್ಯಾಯವನ್ನು ಕಾಯುವವರು ಯಾರು?

ಮಾತು ನ್ಯಾಯಾಲಯಕ್ಕೆ ಹೋದದ್ದು

ಕರ್ನಾಟಕದಲ್ಲಿ ಈ ಪ್ರಶ್ನೆ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಬಸ್ಸಿನಲ್ಲಿ ಮೊಬೈಲಿನ ಧ್ವನಿವರ್ಧಕ ತೆರೆದು ಹಾಡು, ವಿಡಿಯೊ ಹಾಕುವವರಿಂದ ಸಹಪ್ರಯಾಣಿಕರಿಗೆ ತೊಂದರೆಯಾಗುತ್ತಿದೆ ಎಂಬ ಅರ್ಜಿಯನ್ನು ಕೇಳಿದ ಕರ್ನಾಟಕ ಹೈಕೋರ್ಟು 2021ರ ನವೆಂಬರಿನಲ್ಲಿ ಅದನ್ನು ತಡೆಯಬೇಕೆಂದು ಆದೇಶಿಸಿತು. ಅದರಂತೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ಸುತ್ತೋಲೆ ಹೊರಡಿಸಿತು. ನಿರ್ವಾಹಕರು ಮೊದಲು ವಿನಂತಿಸಿಕೊಳ್ಳಬೇಕು. ಕೇಳದಿದ್ದರೆ ಆ ಪ್ರಯಾಣಿಕರನ್ನು ಬಸ್ಸಿನಿಂದ ಇಳಿಯಲು ಹೇಳಬಹುದು. ಅವರು ಇಳಿಯುವವರೆಗೆ ಬಸ್ಸನ್ನು ನಿಲ್ಲಿಸಿಕೊಳ್ಳಲೂಬಹುದು. ಪ್ರಯಾಣಿಕರಿಗೆ ಕಿರಿಕಿರಿ ಮಾಡುವ ಸದ್ದನ್ನು ತಡೆಯುವ ನಿಯಮ 1989ರ ಕರ್ನಾಟಕ ಮೋಟಾರು ವಾಹನ ನಿಯಮಾವಳಿಯಲ್ಲಿ ಮೊದಲೇ ಇತ್ತು ಎಂಬುದು ಗಮನಾರ್ಹ. ನಿಯಮ ಹಳೆಯದು, ಸದ್ದು ಮಾತ್ರ ಹೊಸದು.

ನೀವೇ ಯೋಚಿಸಿ. ‘ಸ್ವಲ್ಪ ಸದ್ದು ಕಡಿಮೆ ಮಾಡಿ’ ಎಂಬ ನಾಲ್ಕು ಪದಗಳಿಂದ ಮುಗಿಯಬೇಕಾಗಿದ್ದ ಒಂದು ಸಂಗತಿಗೆ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಆದೇಶ ಬೇಕಾಯಿತು. ನಡವಳಿಕೆ ಹಿಂದೆ ಸರಿದಾಗ ಕಾನೂನು ಮುಂದೆ ಬರುತ್ತದೆ. ಆದರೆ ಕಾನೂನಿನ ಕೈ ಎಲ್ಲ ಕಡೆಗೂ ಚಾಚುವುದಿಲ್ಲ. ಸಂಜೆ ಹೊತ್ತಿನ ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ, ಚಿಲ್ಲರೆ ಹುಡುಕುತ್ತಾ ಇರುವ ನಿರ್ವಾಹಕರು ಎಷ್ಟು ಜನರೊಡನೆ ವಾದಿಸಬಲ್ಲರು? ಕಾಡಿನ ದಾರಿಯಲ್ಲಿ ಕತ್ತಲಾಗುವ ಹೊತ್ತಿಗೆ ಒಬ್ಬ ಪ್ರಯಾಣಿಕನನ್ನು ಇಳಿಸಿಬಿಡುವುದು ಯಾವ ನಿರ್ವಾಹಕರಿಗೆ ಸುಲಭ?

ಹನೂರು ಸೀಮೆಯ ಜನರಿಗೆ ಮಲೆ ಮಹದೇಶ್ವರ ಬೆಟ್ಟ ಪವಿತ್ರ ಸ್ಥಳ. 2023ರ ಜುಲೈನಲ್ಲಿ ರಾಜ್ಯ ಸರ್ಕಾರ ಮುಜರಾಯಿ ಇಲಾಖೆಯ ದೇವಸ್ಥಾನಗಳ ಒಳಗೆ ಮೊಬೈಲ್ ಬಳಕೆಯನ್ನು ನಿಷೇಧಿಸಿತು. ಇದೂ ಅದೇ ಕಥೆಯ ಇನ್ನೊಂದು ಅಧ್ಯಾಯ. ಮಾದಪ್ಪನ ಪರಂಪರೆಯಲ್ಲಿ ಕೇಳುವುದಕ್ಕೆ ಎಂಥ ಬೆಲೆ ಇದೆ ಎಂಬುದು ನಿಮಗೆ ಗೊತ್ತಿದೆ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಮಹದೇಶ್ವರನ ಕಥೆಯನ್ನು ಹಾಡುತ್ತಾರೆ. ಅಷ್ಟು ದೊಡ್ಡ ಕಾವ್ಯ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಪುಸ್ತಕದಿಂದಲ್ಲ, ಕಿವಿಯಿಂದ. ಮುಂದಾಳು ಹಾಡುವಾಗ ಹಿಮ್ಮೇಳದವರು ತಮ್ಮ ಸರದಿಗಾಗಿ ಕಾಯುತ್ತಾರೆ. ಕೇಳುವವರು ‘ಹೂಂ’ಗುಟ್ಟುತ್ತಾರೆ. ಆ ‘ಹೂಂ’ ಇಲ್ಲದೆ ಕಥೆ ಮುಂದೆ ಸಾಗುವುದಿಲ್ಲ. ಎದುರಿಗಿರುವವರು ಮಾತನಾಡುತ್ತಿರುವಾಗ ಕೈಯ ಫೋನಿನತ್ತ ಕಣ್ಣು ಹಾಯಿಸುವವರು ಆ ‘ಹೂಂ’ಅನ್ನು ಕಿತ್ತುಕೊಳ್ಳುತ್ತಾರೆ. ಸದ್ದು ಮಾಡದೆಯೂ ಸೌಜನ್ಯ ಕೆಡಬಹುದು ಎಂಬುದಕ್ಕೆ ಇದು ಉದಾಹರಣೆ.

ಕೇಳಿಸಿಕೊಳ್ಳುವವರ ಮರ್ಯಾದೆ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಇನ್ನೊಂದು ಮುಖವನ್ನೂ ನೋಡಬೇಕು.

ಈ ಸೀಮೆಯ ಎಷ್ಟೋ ಮನೆಗಳಿಂದ ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೋ, ಗಡಿಯಾಚೆಯ ತಮಿಳುನಾಡಿಗೋ ಹೋಗಿದ್ದಾರೆ. ಬೆಟ್ಟದ ಸುತ್ತ 2013ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾದ ಸುಮಾರು 900 ಚದರ ಕಿಲೋಮೀಟರ್ ಕಾಡಿದೆ. ಕಾಡಂಚಿನ ಎಷ್ಟೋ ಕಡೆ ಸಿಗ್ನಲ್ ಒಂದು ತಿರುವಿನಲ್ಲಿ ಬಂದು ಮತ್ತೊಂದು ತಿರುವಿನಲ್ಲಿ ಮಾಯವಾಗುತ್ತದೆ. ಹಾಗಿರುವಾಗ ಮಗನ ಕರೆ ಬಸ್ಸಿನಲ್ಲಿ ಬಂದರೆ ತಾಯಿ ಅದನ್ನು ಬಸ್ಸಿನಲ್ಲೇ ಎತ್ತಬೇಕು. ‘ಆಮೇಲೆ ಮಾತನಾಡುತ್ತೇನೆ’ ಎನ್ನಲು ಆಮೇಲೆ ಸಿಗ್ನಲ್ ಇರಬೇಕಲ್ಲ! ಧ್ವನಿ ಕಡಿದು ಕಡಿದು ಬಂದಾಗ ಅವಳು ಗಟ್ಟಿಯಾಗಿ ಮಾತನಾಡಿದರೆ ಅದು ಅಹಂಕಾರವಲ್ಲ, ಆತಂಕ. ಮನೆಯಲ್ಲಿ ಹೇಳಲಾಗದ ಕಷ್ಟವನ್ನು ಬಸ್ಸಿನ ಕಿಟಕಿಯ ಪಕ್ಕ ಕುಳಿತು ಹೇಳಿಕೊಳ್ಳುವ ಹೆಣ್ಣುಮಕ್ಕಳೂ ಇರುತ್ತಾರೆ. ಅವರಿಗೆ ಅದೇ ಎಸ್.ಟಿ.ಡಿ. ಬೂತು.

ಇಲ್ಲಿಯೇ ಕಾಗದ ಓದುವ ಆ ಹಳೆಯ ನಿಯಮ ಬೇಕಾಗುವುದು. ಗಾಜಿನ ಬಾಗಿಲು ಎರಡೂ ಕಡೆಯವರನ್ನು ಕಾಯುತ್ತಿತ್ತು ಎಂದೆವು. ಅದು ಹೋದ ಮೇಲೆ ಬಾಗಿಲಿನ ಅರ್ಧ ಕೆಲಸ ಮಾತನಾಡುವವರದು, ಇನ್ನರ್ಧ ಕೇಳಿಸಿಕೊಳ್ಳುವವರದು. ಪಕ್ಕದವರ ಮಾತು ಕಿವಿಗೆ ಬಿದ್ದರೆ ಕಿಟಕಿಯ ಕಡೆ ತಿರುಗಿ. ಅವರ ಕಷ್ಟವನ್ನು ನಿಮ್ಮ ಗೆಳೆಯರ ನಡುವೆ ನಗೆಯ ಸರಕು ಮಾಡಬೇಡಿ. ಅವರು ಅಳುತ್ತಿರುವುದನ್ನೋ ಜಗಳವಾಡುತ್ತಿರುವುದನ್ನೋ ಫೋನಿನಲ್ಲಿ ಚಿತ್ರಿಸಿ ನಾಲ್ಕು ಜನರಿಗೆ ಕಳುಹಿಸಬೇಡಿ. ಹಳ್ಳಿಯ ಮೇಷ್ಟರು ಕಾಗದದ ಗುಟ್ಟನ್ನು ಕಾಯ್ದಂತೆ ನೀವೂ ಆ ಮಾತಿನ ಗುಟ್ಟನ್ನು ಕಾಯಬಲ್ಲಿರಿ. ಕೂಗಿ ಮಾತನಾಡುವುದು ಸೌಜನ್ಯಕ್ಕೆ ಕೊರತೆಯಾದರೆ, ಅನುಮತಿಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದು ಅದಕ್ಕಿಂತ ದೊಡ್ಡ ಕೊರತೆ. ಕೆಲವು ಸಂದರ್ಭಗಳಲ್ಲಿ ಅದು ಅಪರಾಧವೂ ಹೌದು.

ಇತರರು ಕಂಡುಕೊಂಡ ದಾರಿ

ಈ ತೊಡಕು ನಮ್ಮೊಬ್ಬರದೇ ಅಲ್ಲ. ಜಪಾನಿನಲ್ಲಿ ಫೋನಿನ ಸದ್ದನ್ನು ಅಡಗಿಸುವ ವ್ಯವಸ್ಥೆಗೆ ‘ಮ್ಯಾನರ್ ಮೋಡ್’, ಎಂದರೆ ‘ಸೌಜನ್ಯದ ಸ್ಥಿತಿ’, ಎಂಬ ಹೆಸರೇ ಬಂದಿದೆ. ಫೋನನ್ನು ಆ ಸ್ಥಿತಿಗೆ ತಂದುಕೊಳ್ಳಿ, ಗಾಡಿಯೊಳಗೆ ಕರೆ ಮಾಡಬೇಡಿ ಎಂದು ಅಲ್ಲಿನ ರೈಲುಗಳಲ್ಲಿ ಪ್ರಕಟಣೆ ಕೇಳಿಬರುತ್ತದೆ. ಫ್ರಾನ್ಸ್ ದೇಶ 2018ರಲ್ಲಿ ಕಾನೂನು ಮಾಡಿ ಶಾಲಾಮಕ್ಕಳು ಶಾಲೆಯಲ್ಲಿ ಫೋನು ಬಳಸುವುದನ್ನು ನಿಷೇಧಿಸಿತು.

ಆದರೆ ನಮಗೆ ಹೆಚ್ಚು ಹತ್ತಿರವಾದ ಉದಾಹರಣೆಗಳು ಗಡಿನಾಡಿನಲ್ಲಿವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ತೀರ್ಮಾನ ಮಾಡಿತು. ಪ್ರತಿ ಸಂಜೆ 7 ಗಂಟೆಗೆ ಸೈರನ್ ಕೂಗುತ್ತದೆ. ಅಲ್ಲಿಂದ ಒಂದೂವರೆ ಗಂಟೆ ಊರಿನವರು ಟಿ.ವಿ., ಮೊಬೈಲುಗಳನ್ನು ಆರಿಸಿಡುತ್ತಾರೆ, ಮಕ್ಕಳು ಓದುತ್ತಾರೆ. ಬೆಳಗಾವಿ ಸಮೀಪದ ಹಲಗಾ ಗ್ರಾಮವೂ 2024ರ ಡಿಸೆಂಬರಿನಲ್ಲಿ ಸಂಜೆ 7ರಿಂದ 9ರವರೆಗೆ ಇಂಥದೇ ಕ್ರಮವನ್ನು ಕೈಗೊಂಡಿತು. ಇಲ್ಲಿ ನ್ಯಾಯಾಲಯವಿಲ್ಲ, ದಂಡವಿಲ್ಲ, ಬಸ್ಸಿನಿಂದ ಇಳಿಸುವ ಮಾತಿಲ್ಲ. ಊರೇ ಕೂತು ಒಪ್ಪಿಕೊಂಡ ಮಾತು. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಇಂಥ ಕ್ರಮ ನಡೆಯಬೇಕಾದರೆ ಮಕ್ಕಳೊಡನೆ ದೊಡ್ಡವರೂ ಫೋನು ಕೆಳಗಿಡಬೇಕು. ತಾವು ಪಾಲಿಸದ ನಿಯಮವನ್ನು ಮಕ್ಕಳ ಮೇಲೆ ಹೇರುವುದು ಸಾಧ್ಯವಿಲ್ಲ ಎಂಬುದನ್ನು ಆ ಊರುಗಳು ಒಪ್ಪಿಕೊಂಡಂತಾಯಿತು.

ನಮ್ಮ ಕೈಯಲ್ಲಿರುವುದು

ಹಾಗಾದರೆ ನೀವು ಮಾಡಬಹುದಾದುದೇನು? ಉದ್ದನೆಯ ಪಟ್ಟಿ ಬೇಕಾಗಿಲ್ಲ. ಹೋದ ಮೂವರು ಕಾವಲುಗಾರರನ್ನು ಮನಸ್ಸಿನಲ್ಲಿ ಮತ್ತೆ ನಿಲ್ಲಿಸಿಕೊಂಡರೆ ಸಾಕು.

ಮೊದಲು ಬಾಗಿಲು. ಮಾತನಾಡುವ ಮೊದಲು ‘ಈ ಮಾತನ್ನು ಸುತ್ತಲಿನವರು ಕೇಳಬೇಕೇ?’ ಎಂದು ಕೇಳಿಕೊಳ್ಳಿ. ಬೇಡವಾದರೆ ಎದ್ದು ಪಕ್ಕಕ್ಕೆ ಹೋಗಿ, ಇಲ್ಲವೇ ಧ್ವನಿ ತಗ್ಗಿಸಿ. ಹಾಡು, ವಿಡಿಯೊಗಳಿಗೆ ಕಿವಿಯೊಳಗಿಡುವ ಇಯರ್‌ಫೋನು ಇದೆ. ಅದಿಲ್ಲದಿದ್ದರೆ ಹಾಡು ಮನೆಯವರೆಗೆ ಕಾಯಬಲ್ಲುದು. ತರಗತಿ, ಗ್ರಂಥಾಲಯ, ಸಭೆ, ಆಸ್ಪತ್ರೆ, ಸಾವಿನ ಮನೆಗಳಲ್ಲಿ ಒಳಗೆ ಕಾಲಿಡುವ ಮೊದಲೇ ಸದ್ದನ್ನು ಅಡಗಿಸಿ. ಬಾಗಿಲಲ್ಲಿ ಚಪ್ಪಲಿ ಬಿಡುವುದು ಹೇಗೆ ಅಭ್ಯಾಸವಾಗಿದೆಯೋ ಇದೂ ಹಾಗೆಯೇ ಅಭ್ಯಾಸವಾಗುತ್ತದೆ.

ಎರಡನೆಯದು ಮೀಟರು. ಕರೆ ಮಾಡಿದೊಡನೆ ‘ಮಾತನಾಡಲು ಬಿಡುವಿದೆಯೇ?’ ಎಂದು ಕೇಳಿ. ಕರೆ ನಮಗೆ ಪುಕ್ಕಟೆಯಾಗಿರಬಹುದು, ಆದರೆ ಆ ಕಡೆಯವರ ಹೊತ್ತು ಪುಕ್ಕಟೆಯಲ್ಲ. ಎರಡು ಸಲ ಕರೆದರೂ ಎತ್ತದಿದ್ದರೆ ಏನೋ ಕಾರಣವಿದೆ ಎಂದು ತಿಳಿದು ಸಂದೇಶ ಬರೆಯಿರಿ. ಗಾಡಿ ಓಡಿಸುತ್ತಿರುವವರು ಗೊತ್ತಿದ್ದರೆ ಅವರಿಗೆ ಕರೆ ಮಾಡಲೇಬೇಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಚಾಲನೆಯ ವೇಳೆ ಕೈಯಲ್ಲಿ ಫೋನು ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದೆ. ಬೆಟ್ಟದ ತಿರುವುಗಳಲ್ಲಿ ಓಡಾಡುವ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಸರದಿ. ಎದುರಿಗಿರುವವರ ಸರದಿ ಮೊದಲು, ಫೋನಿನಲ್ಲಿರುವವರದು ಆಮೇಲೆ. ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವಾಗ, ನಿರ್ವಾಹಕರು ‘ಎಲ್ಲಿಗೆ?’ ಎಂದು ಕೇಳಿದಾಗ, ಮನೆಗೆ ಬಂದ ನೆಂಟರು ಮಾತು ತೆಗೆದಾಗ, ಫೋನನ್ನು ಒಂದು ಕ್ಷಣ ಕೆಳಗಿಳಿಸಿ ಮುಖ ನೋಡಿ ಉತ್ತರ ಕೊಡಿ. ತುರ್ತು ಕರೆಯಾದರೆ ‘ಕ್ಷಮಿಸಿ, ಇದನ್ನು ಎತ್ತಲೇಬೇಕು’ ಎಂದು ಹೇಳಿ ಎತ್ತಿ. ಆ ಒಂದು ಮಾತು ಎಲ್ಲವನ್ನೂ ಸರಿಮಾಡುತ್ತದೆ.

ಇನ್ನೊಬ್ಬರು ತಪ್ಪಿದಾಗ ಹೇಳುವ ರೀತಿಯೂ ಇದರಲ್ಲಿ ಸೇರಿದೆ. ‘ನಿಮಗೆ ಬುದ್ಧಿ ಇಲ್ಲವೇ?’ ಎಂದರೆ ಸದ್ದು ಇಮ್ಮಡಿಯಾಗುತ್ತದೆ. ‘ಅಣ್ಣಾ, ಅಜ್ಜಿಗೆ ಮೈ ಹುಷಾರಿಲ್ಲ, ಸ್ವಲ್ಪ ಕಡಿಮೆ ಮಾಡ್ತೀರಾ?’ ಎಂದರೆ ನೂರಕ್ಕೆ ತೊಂಬತ್ತು ಜನ ಕಡಿಮೆ ಮಾಡುತ್ತಾರೆ. ಅವರಲ್ಲಿ ಅನೇಕರಿಗೆ ತಮ್ಮ ಸದ್ದು ಇತರರಿಗೆ ನೋವು ಕೊಡುತ್ತಿದೆ ಎಂಬುದೇ ಗೊತ್ತಿರುವುದಿಲ್ಲ; ಏಕೆಂದರೆ ಯಾರೂ ಅವರಿಗೆ ಹೇಳಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮದು. ಹಣ, ದೂರ, ಗಾಜು, ಇವೆಲ್ಲ ಸೇರಿ ಒಂದು ಕಾಲದಲ್ಲಿ ಆ ಮುತ್ತನ್ನು ಕಾಯುತ್ತಿದ್ದವು. ಅವು ಹೋದದ್ದು ಒಳ್ಳೆಯದೇ ಆಯಿತು. ಅಜ್ಜೀಪುರದ ತಾಯಿ ದೂರದ ಊರಿನ ಮಗನೊಡನೆ ದಿನವೂ ಮಾತನಾಡುವಂತಾಯಿತು. ಆ ಸೌಭಾಗ್ಯ ಅವಳ ತಾಯಿಗೆ ಇರಲಿಲ್ಲ. ಆದರೆ ಅವು ಮಾಡುತ್ತಿದ್ದ ಕಾವಲಿನ ಕೆಲಸ ಈಗ ನಿಮ್ಮ ಪಾಲಿಗೆ ಬಂದಿದೆ. ಬಲವಂತದಿಂದ ಬಂದ ಮರ್ಯಾದೆಗಿಂತ ತಿಳಿದು ನಡೆದ ಮರ್ಯಾದೆ ದೊಡ್ಡದು. ನಿಮ್ಮ ಹಿರಿಯರಿಗೆ ದೊರೆಯದಿದ್ದ ಈ ಅವಕಾಶ ನಿಮಗೆ ದೊರೆತಿದೆ.